ಫೋನ್ ಮನೆಯ ಬಟ್ಟಲು

ಪಕ್ಕದ ಫ್ಲಾಟಿನಲ್ಲಿ ಯಾರೋ ತುಪ್ಪದಲ್ಲಿ ರವೆ ಹುರಿಯುತ್ತಿದ್ದರು. ಬೆಳಿಗ್ಗೆ ಹನ್ನೊಂದರ ಹೊತ್ತು. ಉತ್ತರಹಳ್ಳಿಯ ಈ ಅಪಾರ್ಟ್‌ಮೆಂಟಿನಲ್ಲಿ ಒಬ್ಬರ ಮನೆಯ ಒಗ್ಗರಣೆಗೆ ಇನ್ನೊಬ್ಬರ ಮನೆಯಲ್ಲಿ ಸೀನು ಬರುವುದು ದಿನನಿತ್ಯದ ಸಂಗತಿ. ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳುವವಳು ನಾನಲ್ಲ. ಆದರೆ ರವೆ ಹದವಾಗಿ ಕೆಂಪಾಗುವ ಆ ವಾಸನೆ ಬಂದರೆ ಮಾತ್ರ ಕೈಯಲ್ಲಿದ್ದ ಕೆಲಸ ನಿಂತುಬಿಡುತ್ತದೆ. ಎದ್ದು ಹೋಗಿ ಕಿಟಕಿ ಹಾಕಿದೆ. ಹಾಕಿದ ಮೇಲೆ, ಅಯ್ಯೋ ಯಾಕೆ ಹಾಕಿದೆ ಅನ್ನಿಸಿ ಮತ್ತೆ ತೆಗೆದೆ.

ಅಡುಗೆಮನೆಯ ಶೆಲ್ಫಿನ ಮೂಲೆಯಲ್ಲಿ ಒಂದು ಸ್ಟೀಲ್ ಬಟ್ಟಲಿದೆ. ತಳದಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆಸಿದ ಎರಡಕ್ಷರ. ನಮ್ಮ ಮನೆಯಲ್ಲಿ ಯಾರ ಹೆಸರೂ ಆ ಅಕ್ಷರಗಳಿಂದ ಶುರುವಾಗುವುದಿಲ್ಲ. ಅದು ನಮ್ಮದಲ್ಲ. ನಲವತ್ತು ವರ್ಷಕ್ಕೂ ಹೆಚ್ಚು ಕಾಲ ನಮ್ಮಲ್ಲೇ ಉಳಿದುಹೋದ, ಇನ್ನೊಬ್ಬರ ಮನೆಯ ಬಟ್ಟಲು...

ಅದು ಫೋನ್ ಆಂಟಿಯದು. ಅವರಿಗೆ ಹೆಸರಿರಲಿಲ್ಲವೆಂದಲ್ಲ, ಚೆಂದದ ಹೆಸರೇ ಇತ್ತು. ಆದರೆ ಬನಶಂಕರಿ ಸೆಕೆಂಡ್ ಸ್ಟೇಜಿನ ನಮ್ಮ ರಸ್ತೆಯಲ್ಲಿ ಅದನ್ನು ಯಾರೂ ಬಳಸುತ್ತಿರಲಿಲ್ಲ. ದೊಡ್ಡವರಿಗೆ ಅವರು 'ಫೋನ್ ಮನೆಯವರು', ಚಿಕ್ಕವರಿಗೆ 'ಫೋನ್ ಆಂಟಿ'. ಎಪ್ಪತ್ತರ ದಶಕದ ಮಾತು. ರಸ್ತೆಯಲ್ಲಿ ಅರ್ಧ ಮನೆಗಳು, ಅರ್ಧ ಖಾಲಿ ಸೈಟುಗಳು. ಅವರ ಯಜಮಾನರು ಟೆಲಿಫೋನ್ ಇಲಾಖೆಯಲ್ಲಿದ್ದುದರಿಂದ ಅವರ ಹಜಾರದಲ್ಲಿ ಕಸೂತಿ ಹಾಕಿದ ಬಟ್ಟೆ ಹೊದ್ದುಕೊಂಡು ಒಂದು ಕರಿಯ ಫೋನು ಕೂತಿತ್ತು. ಉಳಿದವರೆಲ್ಲ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುತ್ತಿದ್ದೆವು. ಹಾಗಾಗಿ ರಸ್ತೆಯವರೆಲ್ಲ ಆ ನಂಬರನ್ನೇ ನೆಂಟರಿಗೆ, ಆಫೀಸಿಗೆ ಕೊಟ್ಟಿದ್ದರು. ಮದುವೆಯ ಕರೆಯೋಲೆಗಳಲ್ಲೂ ಅದೇ ನಂಬರ್ ಅಚ್ಚಾಗುತ್ತಿತ್ತು, ಪಕ್ಕದಲ್ಲಿ 'ಪಿ.ಪಿ.' ಅಂತ ಸೇರಿಸಿ. ಅಂದರೆ ಫೋನು ನಮ್ಮದಲ್ಲ, ಅಕ್ಕಪಕ್ಕದವರದು, ದಯವಿಟ್ಟು ನಮ್ಮನ್ನು ಕರೆಸಿ ಎಂದು ಅರ್ಥ.

ಕರೆಸುವ ಕೆಲಸ ಆಂಟಿಯದು. ಅದಕ್ಕೊಂದು ಸಂಬಳವಿಲ್ಲ, ಸಾರಿಗೆಯಿಲ್ಲ. ಒಲೆಯ ಮೇಲೆ ಹಾಲಿಟ್ಟಿರಲಿ, ತಲೆಗೆ ಎಣ್ಣೆ ಹಚ್ಚಿಕೊಂಡಿರಲಿ, ಫೋನು ರಿಂಗಾಯಿತೆಂದರೆ ಎತ್ತಿ, "ಲೈನಲ್ಲೇ ಇರಿ, ಕರೀತೀನಿ" ಎಂದು ಹೊರಗೆ ಬರುತ್ತಿದ್ದರು. ಕಾಂಪೌಂಡಿನಿಂದಲೇ ಒಂದು ಕೂಗು. ಆ ಕೂಗು ಕೇಳಿದವರು ಚಪ್ಪಲಿ ಮೆಟ್ಟದೆ ಓಡುತ್ತಿದ್ದರು. ಆಮೇಲೆ ಇವರು ಮಾಡುತ್ತಿದ್ದುದು ಇನ್ನೂ ದೊಡ್ಡದು. ನೀವು ರಿಸೀವರ್ ಕೈಗೆತ್ತಿಕೊಂಡ ಕ್ಷಣ ಅವರು ಹಿತ್ತಿಲಿಗೆ ಹೋಗಿ ಒರಳಿನಲ್ಲಿ ಏನಾದರೂ ಕುಟ್ಟಲು ಶುರು ಮಾಡುತ್ತಿದ್ದರು. ಧಬ್ ಧಬ್ ಧಬ್. ತಮಗೆ ಏನೂ ಕೇಳಿಸುತ್ತಿಲ್ಲ ಎಂಬುದು ನಿಮಗೆ ಕೇಳಿಸಲಿ ಅಂತ. ಆ ಶಬ್ದದ ಧೈರ್ಯದ ಮೇಲೆ ನಮ್ಮ ರಸ್ತೆಯ ಜನ ಎಷ್ಟೋ ಜಗಳ, ಎಷ್ಟೋ ಅಳು, ಎಷ್ಟೋ ಸಂಬಂಧದ ಮಾತುಕತೆ ಆ ಹಜಾರದಲ್ಲಿ ಮುಗಿಸಿದರು. ಆಂಟಿಯ ಮನೆಯಲ್ಲಿ ಚಟ್ನಿಪುಡಿಗೆ ಯಾವತ್ತೂ ಬರವಿರಲಿಲ್ಲ. ಅವರ ಯಜಮಾನರು ಬೆಳಿಗ್ಗೆ ದೋಸೆಗೂ ಚಟ್ನಿಪುಡಿ, ರಾತ್ರಿ ಮೊಸರನ್ನಕ್ಕೂ ಚಟ್ನಿಪುಡಿ ತಿಂದು, ಪಾಪ, ಏನೂ ಅನ್ನದೆ ಇಲಾಖೆಗೆ ಹೋಗಿಬರುತ್ತಿದ್ದರು.

ಒಳ್ಳೆಯ ಸುದ್ದಿಯಾದರೆ ಕೂಗು. ಕೆಟ್ಟ ಸುದ್ದಿಯಾದರೆ ಆಂಟಿ ಕೂಗುತ್ತಿರಲಿಲ್ಲ, ತಾವೇ ನಡೆದು ಬರುತ್ತಿದ್ದರು. ಯಾರಿಗೆ ಹೇಗೆ ಹೇಳಬೇಕು ಎಂಬ ಲೆಕ್ಕ ಅವರಿಗೆ ಎಲ್ಲಿಂದ ಬಂದಿತ್ತೋ! ಎದುರು ಸಾಲಿನಲ್ಲಿ ಒಬ್ಬ ನಿವೃತ್ತ ಹೆಡ್ಮಾಸ್ಟರರಿದ್ದರು, ಗುಡುಗುವ ಮನುಷ್ಯ. ಅವರ ತಮ್ಮ ತೀರಿಕೊಂಡ ದಿನ ಆಂಟಿ ಹೋಗಿ, "ಸಾರ್, ಹೀಗಾಗಿದೆ, ಮನೆಯವರಿಗೆಲ್ಲ ಯಾರು ಹೇಳ್ಬೇಕು, ಹೇಗೆ ಹೊರಡ್ಬೇಕು, ನಂಗೊಂದೂ ತೋಚ್ತಿಲ್ಲ, ನೀವೇ ಹೇಳಿ" ಎಂದರಂತೆ. ಹೆಡ್ಮಾಸ್ಟರರು ಆ ಮಾತಿಗೆ ಎದ್ದು ನಿಂತು, ಎಲ್ಲರಿಗೂ ಒಂದೊಂದು ಕೆಲಸ ಹಚ್ಚಿ, ಬಸ್ಸು ಹತ್ತಿದ ಮೇಲಷ್ಟೇ ಅತ್ತರಂತೆ. ಅದೇ ಹೊಸದಾಗಿ ಮದುವೆಯಾಗಿ ಬಂದ ಹುಡುಗಿಯೊಬ್ಬಳ ತಾಯಿ ಹೋದಾಗ ಆಂಟಿ ಅವಳ ಅತ್ತೆಯನ್ನು ಮಾತನಾಡಿಸದೆ ಸೀದಾ ಅಡುಗೆಮನೆಗೆ ಹೋಗಿ ಅವಳನ್ನು ತಬ್ಬಿಕೊಂಡೇ ಹೇಳಿದರು. ನಮ್ಮ ರಸ್ತೆಯಲ್ಲಿ ಮೂವರು ಹುಡುಗರು ಒಂದೇ ಬ್ಯಾಂಕಿನ ಪರೀಕ್ಷೆ ಬರೆದು, ಒಬ್ಬನಿಗಷ್ಟೇ ಕೆಲಸ ಸಿಕ್ಕಿತ್ತು. ಒಳ್ಳೆಯ ಸುದ್ದಿಯೇ, ಕೂಗಬಹುದಿತ್ತು. ಕೂಗಲಿಲ್ಲ. ಅವನು ಹಾಲಿನ ಬೂತಿನಿಂದ ಬರುವುದನ್ನೇ ಕಾದಿದ್ದು ಕಿವಿಯಲ್ಲಿ ಹೇಳಿದರು.

'ಸೀರಿಯಸ್' ಎಂಬ ಮಾತನ್ನು ಅವರು ಎಂದೂ ಹೇಳಿದವರಲ್ಲ. ಆಗೆಲ್ಲ ಸತ್ತವರಿಗೂ ಸೀರಿಯಸ್ ಎಂದೇ ಹೇಳಿ ಕರೆಸುವುದು ರೂಢಿ. "ಸೀರಿಯಸ್ ಅಂದ್ರೆ ದಾರಿಯುದ್ದಕ್ಕೂ ಹರಕೆ ಹೊತ್ಕೊಂಡು ಹೋಗ್ತಾರೆ ಕಣೇ. ಹೋಗಿ ನೋಡಿದ್ರೆ ಏನೂ ಇರಲ್ಲ. ಆ ಪಾಪ ನಂಗ್ಯಾಕೆ?" ಎಂದು ಒಮ್ಮೆ ನನಗೆ ಹೇಳಿದ್ದರು.

ಇಷ್ಟೆಲ್ಲ ಜನರನ್ನು ತಿಳಿದವರಿಗೆ ಒಂದು ವಿಷಯ ಮಾತ್ರ ತಡವಾಗಿ ಹೊಳೆಯಿತು. ಜನ ಅವರನ್ನು ಕಂಡು ಹೆದರಲು ಶುರು ಮಾಡಿದ್ದರು. ಆಂಟಿ ಗೇಟಿನ ಬಳಿ ಬಂದರೆ ಯಾರೋ ಹೋದರು ಎಂದೇ ಅರ್ಥ ಎಂಬಂತಾಗಿತ್ತು. ಮೂಲೆ ಮನೆಯ ಅಜ್ಜಿಯ ಮಗ ಮಿಲಿಟರಿಯಲ್ಲಿ ಎಲ್ಲೋ ಉತ್ತರದಲ್ಲಿದ್ದ. ಒಂದು ಮಧ್ಯಾಹ್ನ ಆಂಟಿ ಬರಿಗೈಯಲ್ಲಿ ಆ ಮನೆಯ ಗೇಟು ತೆಗೆದದ್ದೇ ತಡ, ಜಗುಲಿಯಲ್ಲಿದ್ದ ಅಜ್ಜಿ "ನನ್ ಕಂದಾ!" ಎಂದು ಕಿರುಚಿ, ಎದ್ದು, ಮೆಟ್ಟಿಲಿನಿಂದ ಕೆಳಗೆ ಬಿದ್ದರು. ಮಣಿಕಟ್ಟು ಮುರಿಯಿತು. ಆಂಟಿ ಹೋಗಿದ್ದುದು ಇಷ್ಟಕ್ಕೆ: ಹೂವಿನವಳು ಬಂದಿದ್ದಾಳೆ, ನಿಮಗೂ ಒಂದು ಮೊಳ ಮಲ್ಲಿಗೆ ಬೇಕಾ ಅಂತ ಕೇಳುವುದಕ್ಕೆ.

ಆವತ್ತು ಆಂಟಿ ನಮ್ಮ ಮನೆಗೆ ಬಂದು ಅಮ್ಮನ ಮುಂದೆ ಕೂತು ಬಹಳ ಅತ್ತರು. "ನನ್ನ ಮುಖ ನೋಡಿದ್ರೆ ಜನಕ್ಕೆ ಎದೆ ಒಡೆಯೋ ಹಂಗಾಯ್ತಲ್ರೀ, ನಾನೇನ್ ಯಮನ ಮನೆ ಜವಾನಳಾ?" ಎಂದರು. ಅಮ್ಮ ಏನು ಸಮಾಧಾನ ಹೇಳಿದಳೋ ನೆನಪಿಲ್ಲ. ಆದರೆ ಮರುದಿನದಿಂದ ಆಂಟಿಯ ಕೈಗೆ ಬಟ್ಟಲು ಬಂತು. ಯಾರ ಮನೆಗೆ ಸುಮ್ಮನೆ ಹರಟೆಗೆ ಹೋಗುವುದಿದ್ದರೂ ಕೈಯಲ್ಲೊಂದು ಸ್ಟೀಲ್ ಬಟ್ಟಲು, ದೂರಕ್ಕೇ ಕಾಣುವ ಹಾಗೆ ಎದೆಯ ಮಟ್ಟಕ್ಕೆ ಹಿಡಿದು. ಕೋಸಂಬರಿಯೋ, ನಾಲ್ಕು ಕರಿಬೇವಿನ ಎಸಳೋ, ಕೆಲವು ಸಲ ಏನೂ ಇಲ್ಲದ ಬರೀ ಬಟ್ಟಲೋ. ಯಾರೂ ಡಂಗುರ ಹೊಡೆಯಲಿಲ್ಲ, ಆದರೂ ಒಂದೆರಡು ತಿಂಗಳಲ್ಲಿ ಇಡೀ ರಸ್ತೆಗೆ ಗೊತ್ತಾಯಿತು. ಬಟ್ಟಲಿದ್ದರೆ ಭಯವಿಲ್ಲ. ಮೂಲೆ ಮನೆಯ ಅಜ್ಜಿ ಪಟ್ಟಿ ಕಟ್ಟಿದ ಕೈಯನ್ನೇ ಎತ್ತಿ, "ಬಟ್ಟಲು ತಂದ್ಯೇನೇ? ಬಾ ಬಾ" ಎಂದು ನಗುತ್ತಿದ್ದರು.

ನಮ್ಮ ಮನೆಗೂ ಅವರ ಮನೆಗೂ ಬಟ್ಟಲಿನ ಓಡಾಟ ಮೊದಲಿನಿಂದಲೂ ಇತ್ತು. ಅಮ್ಮ ಮತ್ತು ಆಂಟಿ ಒಂದೇ ವಾರಿಗೆಯವರು. ದಿನಕ್ಕೊಮ್ಮೆ ಮಾತಾಡದಿದ್ದರೆ ಇಬ್ಬರಿಗೂ ತಿಂದದ್ದು ಅರಗುತ್ತಿರಲಿಲ್ಲ. ಅವರ ಹುಳಿ ನಮ್ಮಲ್ಲಿಗೆ, ನಮ್ಮ ಗೊಜ್ಜು ಅವರಲ್ಲಿಗೆ. ಬಂದ ಪಾತ್ರೆಯನ್ನು ಖಾಲಿ ಹಿಂದಿರುಗಿಸಬಾರದು, ಅದು ನಮ್ಮ ಕಡೆಯ ಪದ್ಧತಿ. ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯನ್ನಾದರೂ ಹಾಕಿ ಕೊಡಬೇಕು. ಹೀಗೆ ಸದಾ ಅವರದೊಂದು ಪಾತ್ರೆ ನಮ್ಮಲ್ಲಿ, ನಮ್ಮದೊಂದು ಅವರಲ್ಲಿ. ಅಪ್ಪ ತಮಾಷೆ ಮಾಡುತ್ತಿದ್ದರು, "ಎರಡೂ ಮನೆ ಪಾತ್ರೆ ಒಟ್ಟಿಗೆ ಹಾಕಿ ಅಣ್ಣತಮ್ಮಂದಿರ ಥರ ಪಾಲು ಮಾಡ್ಕೊಂಡ್ಬಿಡಿ" ಅಂತ.

ಆಂಟಿಗೆ ಸುಳ್ಳೂ ಬರುತ್ತಿತ್ತು. ನಾನು ಕಾಲೇಜು ಸೇರಿದ ವರ್ಷ ಕ್ಲಾಸಿನ ಹುಡುಗನೊಬ್ಬ ಪ್ರಾಕ್ಟಿಕಲ್ಸ್ ವಿಷಯ ಕೇಳಲು ಫೋನ್ ಮಾಡಿಬಿಟ್ಟ. ಆಂಟಿ ಬಟ್ಟಲು ಹಿಡಿದುಕೊಂಡು ಬಂದು ಅಮ್ಮನ ಎದುರಿಗೇ, "ನಿನ್ ಫ್ರೆಂಡ್ ಅಂತೆ ಕಣೇ, ಪಾಪದ ಹುಡುಗಿ, ಕಾಯ್ತಿದಾಳೆ" ಎಂದರು. ಹೊರಗೆ ಬಂದ ಮೇಲೆ ನನ್ನ ಕಿವಿ ಹಿಂಡಿ, "ನಿಮ್ಮಮ್ಮಂಗೆ ಇವತ್ತು ತಲೆನೋವು, ಅದಕ್ಕೆ ಹಾಗಂದೆ. ನಾಳೆ ಕಾಫಿ ಕುಡಿದಾದ್ಮೇಲೆ ನೀನೇ ನಿಜ ಹೇಳು. ಹೊತ್ತು ನೋಡ್ಕೊಂಡು ಹೇಳ್ಬೇಕು, ಅಷ್ಟೇ" ಎಂದರು. ನಾನು ಹೇಳಿದೆ. ಅಮ್ಮ ಬೈಯಲಿಲ್ಲ.

ಆಮೇಲೆ ಆ ಶನಿವಾರ ಬಂತು...

ಅಪ್ಪ ಸರ್ಕಾರಿ ಕೆಲಸದಲ್ಲಿದ್ದರು. ಆಫೀಸಿನ ಟೂರಿಗೆಂದು ಚಿತ್ರದುರ್ಗಕ್ಕೆ ಹೋಗಿದ್ದರು. ಶನಿವಾರಗಳಲ್ಲಿ ಅಮ್ಮನಿಗೆ ಒಪ್ಪತ್ತು. ಬೆಳಗಿನಿಂದ ಏನೂ ತಿನ್ನದೆ, ಮಡಿಯಲ್ಲಿ ಪೂಜೆ ಮುಗಿಸಿ, ಮಧ್ಯಾಹ್ನ ಒಂದೇ ಹೊತ್ತು ಊಟ. ಅಮ್ಮನದು ಸೂಕ್ಷ್ಮ ಜೀವ. ಹಿಂದಿನ ತಿಂಗಳು ಇಂಥದೇ ಒಂದು ಶನಿವಾರ ನೀರು ಹಿಡಿಯುತ್ತಾ ತಲೆ ಸುತ್ತಿ ಬಿದ್ದಿದ್ದಳು, ಎತ್ತಿ ಕೂರಿಸಿದ್ದು ಆಂಟಿಯೇ. ಹನ್ನೊಂದರ ಹೊತ್ತಿಗೆ ಅಮ್ಮ ದೇವರಿಗೆ ಹೂ ಏರಿಸುತ್ತಿದ್ದಳು, ನಾನು ಹಜಾರದಲ್ಲಿ ಬಟ್ಟೆ ಮಡಚುತ್ತಿದ್ದೆ. ಗೇಟು ಸದ್ದಾಯಿತು. ಆಂಟಿ. ಕೈಯಲ್ಲಿ ಬಟ್ಟಲು, ಮೇಲೊಂದು ತಟ್ಟೆ ಮುಚ್ಚಿತ್ತು. ನಾನು ಬಟ್ಟೆಯಿಂದ ಕಣ್ಣು ಕೂಡ ಎತ್ತದೆ, "ಬನ್ನಿ ಆಂಟಿ" ಎಂದೆ.

"ನಮ್ಮ ನಾದಿನಿ ಮನೇಲಿ ನಿನ್ನೆ ಸತ್ಯನಾರಾಯಣ ಪೂಜೆ ಆಯ್ತು ಕಣ್ರೀ. ಪ್ರಸಾದ ಕಳಿಸಿದಾರೆ, ತಗೊಳಿ" ಎಂದು ಸೀದಾ ಅಮ್ಮನ ಬಳಿ ಹೋದರು.

"ಅಯ್ಯೋ, ಇವತ್ತು ಶನಿವಾರ ಅಲ್ವೇನ್ರೀ? ಅಲ್ಲಿಟ್ಟಿರಿ, ಆಮೇಲೆ ತಿಂತೀನಿ."

"ಪ್ರಸಾದಕ್ಕೆ ಮಡಿ ಏನು, ಒಪ್ಪತ್ತು ಏನು? ಸತ್ಯನಾರಾಯಣನ ಪ್ರಸಾದ ಬೇಡ ಅನ್ಬಾರ್ದು. ನನ್ ಎದುರಿಗೇ ತಿನ್ನಿ."

ಅಮ್ಮ ಯಾರ ಮಾತನ್ನು ಮೀರಿದರೂ ಪ್ರಸಾದವನ್ನು ಮೀರುವವಳಲ್ಲ. ಅದು ಆಂಟಿಗೆ ಚೆನ್ನಾಗಿ ಗೊತ್ತಿತ್ತು. ಕಣ್ಣಿಗೊತ್ತಿಕೊಂಡು ಬಟ್ಟಲು ತೆಗೆದುಕೊಂಡಳು. ತಟ್ಟೆ ತೆಗೆದಾಗ ತುಪ್ಪದಲ್ಲಿ ಹುರಿದ ರವೆಯ ಘಮ ಮನೆಯೆಲ್ಲ ತುಂಬಿತು. ಬಾಳೆಹಣ್ಣು ಹಾಕಿದ ಸಜ್ಜಿಗೆ. ನನಗೂ ಒಂದಿಷ್ಟು ಕೊಡಲೆಂದು ಅಮ್ಮ ಬಟ್ಟಲನ್ನು ನನ್ನ ಕಡೆ ಚಾಚಿದಳು. ಹಿಡಿದುಕೊಂಡೆ. ಬಟ್ಟಲು ಸುಡುತ್ತಿತ್ತು.

ನಿನ್ನೆಯ ಪ್ರಸಾದ, ಇವತ್ತು ಹನ್ನೊಂದಕ್ಕೆ, ಕೈ ಸುಡುವಷ್ಟು ಬಿಸಿ. ನಾನು ತಲೆಯೆತ್ತಿ ಆಂಟಿಯನ್ನು ನೋಡಿದೆ. ಅವರು ನನ್ನನ್ನೇ ನೋಡುತ್ತಿದ್ದರು. ಬೇಡ ಎನ್ನುವಂತೆ ರೆಪ್ಪೆ ಅಲುಗಿಸಿದರು, ಅಷ್ಟೇ. ಏನೆಂದು ಗೊತ್ತಿರಲಿಲ್ಲ, ಏನೋ ಆಗಿದೆಯೆಂದು ಮಾತ್ರ ಗೊತ್ತಾಯಿತು. ಬಟ್ಟಲನ್ನು ಅಮ್ಮನಿಗೇ ವಾಪಸ್ಸು ಕೊಟ್ಟೆ. ಅಮ್ಮ ನಿಧಾನವಾಗಿ, ರುಚಿ ನೋಡುತ್ತಾ, "ಏಲಕ್ಕಿ ಜಾಸ್ತಿ ಬಿದ್ದಿದೆ ಅಲ್ವೇನ್ರೀ?" ಎನ್ನುತ್ತಾ ತಿಂದಳು. ಆಂಟಿ ಹೂಂಗುಟ್ಟುತ್ತಾ ಕೂತಿದ್ದರು. ಅವರ ಕಿವಿ ಮಾತ್ರ ರಸ್ತೆಯ ಕಡೆಗಿತ್ತು. ಬಟ್ಟಲು ಖಾಲಿಯಾಗುವ ಹೊತ್ತಿಗೆ ಆಟೋ ನಿಂತ ಶಬ್ದವಾಯಿತು. ಬಸವನಗುಡಿಯ ನನ್ನ ಸೋದರಮಾವ ಇಳಿಯುತ್ತಿದ್ದರು. ಆಂಟಿ ಮೊದಲೇ ಅವರಿಗೆ ಫೋನ್ ಮಾಡಿ, ಆಮೇಲೆ ಒಲೆ ಹಚ್ಚಿದ್ದರು.

"ನೀರು ಕುಡೀರಿ" ಎಂದರು. ಅಮ್ಮ ಕುಡಿದಳು. ಲೋಟವನ್ನು ಕೆಳಗಿಡಿಸಿ ಎರಡೂ ಕೈ ಹಿಡಿದುಕೊಂಡು ಹೇಳಿದರು. "ಬೆಳಿಗ್ಗೆ ಚಿತ್ರದುರ್ಗದಿಂದ ಟ್ರಂಕ್ ಕಾಲ್ ಬಂತು. ನಿಮ್ಮ ಯಜಮಾನ್ರು ಹೋಗ್ಬಿಟ್ರು ಕಣ್ರೀ. ಲಾಡ್ಜಲ್ಲಿ, ನಿದ್ದೇಲೇ ಹೋಗಿದಾರೆ. ನಿಮ್ಮಣ್ಣ ಬಂದ್ರು ನೋಡಿ."

ಅಮ್ಮ ಮೊದಲು ನೋಡಿದ್ದು ಆಂಟಿಯ ಮುಖವನ್ನಲ್ಲ, ಮಾವನನ್ನೂ ಅಲ್ಲ. ನೆಲದ ಮೇಲಿದ್ದ ಆ ಖಾಲಿ ಬಟ್ಟಲನ್ನು.

ಅಪ್ಪನನ್ನು ತಂದಾಗ ಕತ್ತಲಾಗಿತ್ತು. ಮರುದಿನ ಎಲ್ಲ ಮುಗಿಯುವವರೆಗೆ ಅಮ್ಮನ ಬಾಯಿಗೆ ಒಂದು ಹನಿ ನೀರೂ ಹೋಗಲಿಲ್ಲ. ಬೀಳಲೂ ಇಲ್ಲ. ಅಪ್ಪನ ತಲೆಯ ಬಳಿ ಕೂತವಳು ಕೂತೇ ಇದ್ದಳು. ಆಂಟಿ ಕರ್ಮಾಂತರದ ದಿನಗಳೆಲ್ಲ ನಮ್ಮ ಮನೆಯಲ್ಲೇ ಇದ್ದು ಬಂದವರನ್ನು ನೋಡಿಕೊಂಡರು, ನನ್ನ ತಲೆ ಬಾಚಿದರು. ಅಮ್ಮ ಅವರೊಂದಿಗೆ ಒಂದು ಮಾತೂ ಆಡಲಿಲ್ಲ. ದುಃಖ ಅಂದುಕೊಂಡೆ. ವೈಕುಂಠ ಸಮಾರಾಧನೆ ಮುಗಿದು ನೆಂಟರೆಲ್ಲ ಹೊರಟ ಮೇಲೆ ಅಮ್ಮ ಬಾಯಿಬಿಟ್ಟಳು.

"ಪ್ರಸಾದ ಅಂತ ದೇವರ ಹೆಸರು ಹೇಳಿ ತಿನ್ನಿಸಿದ್ರಲ್ರೀ... ಅವರು ಅಲ್ಲಿ ಹೆಣ ಆಗಿ ಮಲಗಿದ್ರು. ನಾನಿಲ್ಲಿ ಏಲಕ್ಕಿ ಜಾಸ್ತಿ ಆಯ್ತು ಅಂತಿದ್ದೆ. ಗಂಡ ಸತ್ತ ದಿನ ಸಿಹಿ ತಿಂದೋಳು ನಾನು. ನಿಮಗೆ ಗೊತ್ತಿತ್ತು. ಗೊತ್ತಿದ್ದೂ ನೋಡ್ತಾ ಕೂತಿದ್ರಿ."

ಆಂಟಿ ಏನೂ ಸಮರ್ಥಿಸಿಕೊಳ್ಳಲಿಲ್ಲ. "ಹೌದು, ಗೊತ್ತಿತ್ತು" ಎಂದರು. ಸೆರಗು ಹೊದ್ದು, ಗೇಟು ಸದ್ದಾಗದಂತೆ ಹಾಕಿಕೊಂಡು ಹೋದರು. ಬಟ್ಟಲು ನಮ್ಮ ಅಡುಗೆಮನೆಯ ಗೂಡಿನಲ್ಲಿ ಉಳಿಯಿತು. ಸೂತಕದ ದಿನಗಳಲ್ಲಿ ಏನನ್ನೂ ಹಾಕಿ ಕೊಡುವ ಹಾಗಿರಲಿಲ್ಲ, ಖಾಲಿ ಕೊಡುವ ಹಾಗೂ ಇರಲಿಲ್ಲ. ಸೂತಕ ಕಳೆದ ಮೇಲೂ ಅಮ್ಮ ಅದನ್ನು ಮುಟ್ಟಲಿಲ್ಲ. ನಾನು ಕೊಟ್ಟುಬರುತ್ತೇನೆಂದು ಎತ್ತಿಕೊಂಡರೆ, "ಇಡು ಅಲ್ಲೇ" ಎಂದು ಗದರಿದಳು.

ರಸ್ತೆಯಲ್ಲಿ ಆಗಿದ್ದು ಇನ್ನೊಂದು. ಫೋನ್ ಮನೆಯವರು ಬಟ್ಟಲು ಹಿಡಿದುಕೊಂಡು ಬಂದು ಸಾವಿನ ಸುದ್ದಿ ಹೇಳಿದರಂತೆ ಎಂಬುದು ಮನೆಯಿಂದ ಮನೆಗೆ ಹಬ್ಬಿತು. ಆಮೇಲೆ ಬಟ್ಟಲನ್ನು ಯಾರೂ ನಂಬಲಿಲ್ಲ. ಆಂಟಿ ಎಂದಿನಂತೆ ಕೋಸಂಬರಿ ಹಿಡಿದು ಗೇಟು ತೆಗೆದರೆ ಒಳಗಿದ್ದವರ ಮುಖ ಬಿಳಿಚಿಕೊಳ್ಳುತ್ತಿತ್ತು. ಮೂಲೆ ಮನೆಯ ಅಜ್ಜಿ, "ಮೊದ್ಲು ಏನಾಯ್ತು ಹೇಳು, ಆಮೇಲೆ ಒಳಗೆ ಬಾ" ಎಂದು ಬಾಗಿಲಲ್ಲೇ ತಡೆದರಂತೆ. ಆಂಟಿ ಎರಡು ಮೂರು ಸಲ ನೋಡಿದರು. ಆಮೇಲೆ ಯಾರ ಮನೆಗೂ ಹೋಗುವುದನ್ನೇ ಬಿಟ್ಟರು. ಫೋನು ಬಂದರೆ ಕೂಗುವುದು ಮಾತ್ರ ಇತ್ತು. ಹಿತ್ತಿಲಿನ ಧಬ್ ಧಬ್ ಇತ್ತು. ಹರಟೆ ಹೋಯಿತು, ಮಧ್ಯಾಹ್ನಗಳು ಹೋದವು. ಸಂಜೆ ಹೊತ್ತು ತಮ್ಮ ಕಾಂಪೌಂಡಿನೊಳಗೇ ಆ ತುದಿಯಿಂದ ಈ ತುದಿಗೆ ಓಡಾಡುತ್ತಿದ್ದುದನ್ನು ನಾನು ಮಹಡಿಯಿಂದ ನೋಡುತ್ತಿದ್ದೆ. ನೋಡಿ ಹೊಟ್ಟೆ ಉರಿಯುತ್ತಿತ್ತು. ಊರಿಗೆಲ್ಲ ಬೇಕಾಗಿದ್ದ ಹೆಂಗಸು! ಬಟ್ಟಲಿನ ಗುರುತು ಮುರಿದರೆ ಹೀಗಾಗುತ್ತದೆ ಎಂದು ಅವರಿಗೆ ಗೊತ್ತಿರಲಿಲ್ಲವೆ? ಗೊತ್ತಿದ್ದೇ ಮುರಿದದ್ದು. ಅಮ್ಮನ ಹೊಟ್ಟೆಗೆ ಒಂದು ತುತ್ತು ಹೋಗಲಿ ಅಂತ.

ನನಗೆ ಅನುಕಂಪದ ಆಧಾರದ ಮೇಲೆ ಅಪ್ಪನ ಇಲಾಖೆಯಲ್ಲೇ ಕೆಲಸವಾಯಿತು. ಕಾಲೇಜು ಅರ್ಧಕ್ಕೆ ನಿಂತಿತು. ಒಂದು ಸಂಜೆ ಜಯನಗರ ಫೋರ್ತ್ ಬ್ಲಾಕಿನ ಬಸ್ ಸ್ಟಾಪಿನಲ್ಲಿ ಆಂಟಿ ಸಿಕ್ಕರು, ತರಕಾರಿ ಚೀಲ ಕಾಲ ಬಳಿ ಇಟ್ಟುಕೊಂಡು ನಿಂತಿದ್ದರು. ಮಾತಿಗೆ ಮಾತು ಬಂದು ಕೇಳಿಯೇಬಿಟ್ಟೆ. "ಅಮ್ಮ ಅಷ್ಟೊಂದು ಅಂದಾಗ ಯಾಕಾಂಟಿ ಸುಮ್ಮನಿದ್ರಿ? ನಿಮ್ಮ ಒಪ್ಪತ್ತಿಗೆ ಹೆದರಿ ತಿನ್ನಿಸ್ದೆ ಅಂತ ಒಂದು ಮಾತು ಹೇಳ್ಬಾರ್ದಿತ್ತಾ?"

ಅವರು ಬಸ್ಸು ಬರುವ ದಿಕ್ಕನ್ನೇ ನೋಡುತ್ತಾ ಹೇಳಿದರು. "ಸಿಟ್ಟು ಯಾರ ಮೇಲಾದ್ರೂ ಹೋಗ್ಬೇಕಲ್ವೇನೇ? ದೇವರ ಮೇಲೆ ಹೋದ್ರೆ ನಿಮ್ಮಮ್ಮ ಪೂಜೆ ಬಿಟ್ಬಿಡ್ತಾರೆ. ನಿಮ್ಮಪ್ಪನ ಮೇಲೆ ಹೋದ್ರೆ ಬದುಕೋದೇ ಬಿಟ್ಬಿಡ್ತಾರೆ. ನನ್ ಮೇಲೆ ಇರ್ಲಿ ಬಿಡು, ನಾನೆಲ್ಲಿಗೆ ಹೋಗ್ತೀನಿ, ಇಲ್ಲೇ ಇರ್ತೀನಲ್ಲ." ಕಾಲ ಬಳಿಯ ಚೀಲ ಎತ್ತಿಕೊಂಡು ಮತ್ತೆ ಹೇಳಿದರು. ಈ ಸಲ ಧ್ವನಿ ಬೇರೆಯಾಗಿತ್ತು. "ಆದ್ರೆ ವರ್ಷಾಂತಿಕ ಆಗೋ ಹೊತ್ತಿಗೆ ಇಳಿಯುತ್ತೆ, ಒಂದ್ಸಲ ಮಾತಾಡಿಸ್ತಾರೆ ಅಂದ್ಕೊಂಡಿದ್ದೆ ಕಣೇ. ಅಲ್ಲಿ ನನ್ ಲೆಕ್ಕ ತಪ್ತು..." ಬಸ್ಸು ಬಂತು. ರಶ್ಶಿನಲ್ಲಿ ಅವರು ಮುಂದೆ, ನಾನು ಹಿಂದೆ. ಇಳಿಯುವಾಗ ಅವರ ಕಣ್ಣು ಕೆಂಪಾಗಿತ್ತು.

ಮನೆಗೆ ಬಂದು ಅಮ್ಮನಿಗೆ ಎಲ್ಲವನ್ನೂ ಒಪ್ಪಿಸಿದೆ, ಜಗಳವನ್ನೂ ಆಡಿದೆ. ಅಮ್ಮ ಅಕ್ಕಿ ಆರಿಸುತ್ತಾ, "ಆಯ್ತಾ ನಿನ್ ಭಾಷಣ?" ಎಂದಳು. ನಮ್ಮಮ್ಮನ ಹಟ ನೀವು ನೋಡಬೇಕಿತ್ತು. ಕಲ್ಲಾದರೂ ಕರಗೀತು ಅನ್ನಿಸುತ್ತಿತ್ತು. ಆದರೆ ಅದೇ ಅಮ್ಮ ಪಾತ್ರೆ ಜೋಡಿಸುವಾಗೆಲ್ಲ ಆ ಬಟ್ಟಲನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಒರೆಸಿ, ಮತ್ತೆ ಅದೇ ಜಾಗದಲ್ಲಿಡುತ್ತಿದ್ದಳು. ಅದರಲ್ಲಿ ಎಂದೂ ಏನನ್ನೂ ಹಾಕಲಿಲ್ಲ.

ಎಂಬತ್ತರ ದಶಕ ಅರ್ಧ ಕಳೆಯುವ ಹೊತ್ತಿಗೆ ಒಂದೊಂದೇ ಮನೆಗೆ ಫೋನು ಬರತೊಡಗಿತು. ಆಂಟಿಯ ಕೂಗು ವಾರಕ್ಕೊಮ್ಮೆಯಾಯಿತು, ಆಮೇಲೆ ನಿಂತೇಹೋಯಿತು. ಅವರ ಯಜಮಾನರು ನಿವೃತ್ತರಾಗಿ ನಂಜನಗೂಡಿನ ಕಡೆ ತಮ್ಮ ಊರಿಗೆ ಹೊರಟರು. ಹೊರಡುವ ಬೆಳಿಗ್ಗೆ ಆಂಟಿ ಯಾರ ಗೇಟನ್ನೂ ತೆಗೆಯಲಿಲ್ಲ. ಲಾರಿಯ ಪಕ್ಕ ರಸ್ತೆಯ ಮಧ್ಯೆ ನಿಂತು, ಗಂಡು ಮಗುವಾಯಿತು ಎಂದು ಹಿಂದೆ ಕೂಗುತ್ತಿದ್ದ ಅದೇ ಗಟ್ಟಿ ಸಂತೋಷದ ದನಿಯಲ್ಲಿ, "ಬರ್ತೀವಿ ಕಣ್ರೀ! ಎಲ್ರೂ ಚೆನ್ನಾಗಿರಿ!" ಎಂದು ಕೂಗಿದರು. ಯಾರೂ ಹೆದರಬಾರದಲ್ಲ. ಜನ ಗೇಟುಗಳಿಗೆ ಬಂದರು, ಕೆಲವರು ಅತ್ತರು. ಅಮ್ಮ ದೇವರ ಮುಂದಿದ್ದಳು. ಆ ಕೂಗಿಗೆ ಅವಳ ಕೈಯಲ್ಲಿದ್ದ ಗಂಟೆ ಒಂದು ಕ್ಷಣ ನಿಂತಿತು. ಮತ್ತೆ ಸದ್ದು ಮಾಡತೊಡಗಿತು. ನಾನೊಬ್ಬಳೇ ಹೋಗಿ ಕಾಲಿಗೆ ನಮಸ್ಕಾರ ಮಾಡಿದೆ. ಆಂಟಿ ನನ್ನ ತಲೆಯ ಮೇಲೆ ಕೈಯಿಟ್ಟು, ನನ್ನ ಭುಜದ ಮೇಲಿಂದ ನಮ್ಮ ಮನೆಯ ಬಾಗಿಲನ್ನೇ ನೋಡುತ್ತಿದ್ದರು.

ನಮ್ಮ ಮನೆಗೂ ಫೋನು ಬಂತು. ಒಂದೆರಡು ವರ್ಷ ಕಳೆದಿರಬೇಕು, ಮತ್ತೊಂದು ಶನಿವಾರ. ನನಗೆ ರಜೆ. ಅಮ್ಮ ಮಡಿಯಲ್ಲಿ ಅಡುಗೆ ಮಾಡುತ್ತಿದ್ದಳು. ಫೋನು ಎತ್ತಿದೆ. ಆಂಟಿಯ ಯಜಮಾನರ ದನಿ, ಬಹಳ ದೂರದಿಂದ ಬಂದಂತೆ.

"ನಿನ್ನೆ ಸಂಜೆ ಹೋದ್ಲು ಕಣಮ್ಮ. ಒಂದು ವಾರದಿಂದ ಜ್ವರ ಇತ್ತು. ಅಲ್ಲಿ ಎಲ್ರಿಗೂ ತಿಳಿಸ್ಬಿಡು." ಏನೋ ನೆನಪಾದಂತೆ ತಡೆದು, "ನಿಮ್ಮ ತಾಯಿಗೆ... ನೋಡ್ಕೊಂಡು ಹೇಳು" ಎಂದರು.

ಫೋನಿಟ್ಟೆ. "ಯಾರೇ ಅದು?" ಎಂದು ಅಮ್ಮ ಒಳಗಿನಿಂದ ಕೇಳಿದಳು. "ಆಫೀಸಿಂದ ಅಮ್ಮ" ಎಂದೆ. ನನ್ನ ಬಾಯಿಂದ ಆ ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಆಶ್ಚರ್ಯವಾಯಿತು. ಆಮೇಲಿನ ಹೊತ್ತು ಮಾತ್ರ ಸಲೀಸಾಗಿರಲಿಲ್ಲ. ಅಮ್ಮ ಪೂಜೆ ಮಾಡಿದಳು, ಮಂಗಳಾರತಿ ಕೊಟ್ಟಳು, ನಾನು ತೆಗೆದುಕೊಂಡೆ. ತಟ್ಟೆ ಹಾಕಿದೆ. ತೊವ್ವೆ ಚೆನ್ನಾಗಿದೆಯಾ ಎಂದು ಕೇಳಿದಳು, ಚೆನ್ನಾಗಿದೆ ಎಂದೆ. ಇನ್ನೊಂದಿಷ್ಟು ಅನ್ನ ಹಾಕಿಕೋ ಎಂದು ಬಲವಂತ ಮಾಡಿದೆ. ಅಮ್ಮ ಹಾಕಿಕೊಂಡಳು, ಮಜ್ಜಿಗೆ ಕಲಸಿದಳು. ಆ ತುತ್ತುಗಳನ್ನು ನೋಡುತ್ತಾ ಕೂತಿರುವುದು ಎಂಥ ಶಿಕ್ಷೆ ಎಂದು ಆವತ್ತು ತಿಳಿಯಿತು. ಆಂಟಿ ಆ ದಿನ ಹೂಂಗುಟ್ಟುತ್ತಾ ಕೂತಿದ್ದುದು ಕಣ್ಣ ಮುಂದೆ ಬಂತು. ನನಗಾದರೋ ಅಕ್ಕರೆಯ ನೆರೆಯವರೊಬ್ಬರ ಸಾವು. ಅವರು ನುಂಗಿಕೊಂಡಿದ್ದುದು ಎದುರಿಗೆ ಕೂತವಳ ಗಂಡನದು.

ಅಮ್ಮ ಕೈ ತೊಳೆದು ಬಂದಳು. ನಾನು ಅವಳ ಕೈ ಹಿಡಿದುಕೊಂಡು ಒಂದೇ ಮಾತಿನಲ್ಲಿ ಹೇಳಿದೆ. ಬೇರೆ ರೀತಿ ಹೇಳಲು ನನಗೆ ಬರುತ್ತಿರಲಿಲ್ಲ.

ಅಮ್ಮ ಹಿಡಿದ ಕೈ ಬಿಡದೆ ಅಲ್ಲೇ ಕೂತಳು. ಆಮೇಲೆ, "ಯಾವಾಗ ಬಂತು ಫೋನು?" ಎಂದಳು.

"ಬೆಳಿಗ್ಗೆ ಅಮ್ಮ. ಹನ್ನೊಂದು ಗಂಟೆಗೆ."

ಅಮ್ಮ ಗೋಡೆಯ ಗಡಿಯಾರ ನೋಡಿದಳು. ನಾನಿನ್ನೂ ಎತ್ತಿರದ ಅವಳ ತಟ್ಟೆಯನ್ನು ನೋಡಿದಳು. ಈಗ ಬೈಯುತ್ತಾಳೆ, ನನ್ನ ಜೊತೆಗೂ ಮಾತು ಬಿಡುತ್ತಾಳೆ ಅಂದುಕೊಂಡೆ. ಅವಳು ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಕೇಳಿದಳು.

"ಅಷ್ಟು ಹೊತ್ತು ಹೇಗೆ ಇಟ್ಕೊಂಡಿದ್ಯೇ, ಒಬ್ಳೇ?"

ನಾನು ಅತ್ತುಬಿಟ್ಟೆ. ಅಮ್ಮನೂ ಅತ್ತಳು. ಅಪ್ಪ ಹೋದಾಗಲೂ ಅವಳು ಹಾಗೆ ದನಿ ತೆಗೆದು ಅತ್ತದ್ದನ್ನು ನಾನು ಕಂಡಿರಲಿಲ್ಲ. "ಅವರೂ ಹೀಗೇ... ನನ್ನೆದುರಿಗೇ ಕೂತು..." ಎಂದಳು, ಮುಗಿಸಲಿಲ್ಲ. ಎದ್ದು ಅಡುಗೆಮನೆಗೆ ಹೋಗಿ ಗೂಡಿನಿಂದ ಬಟ್ಟಲು ತೆಗೆದಳು. ಸಕ್ಕರೆ ಡಬ್ಬಿ ತೆಗೆದು ಕಂಠದವರೆಗೂ ತುಂಬಿದಳು. ತುಂಬಿ, ಅದನ್ನು ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕೂತಳು. "ಸಿಟ್ಟು ಯಾವತ್ತೋ ಇಳಿದಿತ್ತು ಕಣೇ. ಖಾಲಿ ಹೇಗೆ ಕೊಡೋದು, ಏನು ಹಾಕಿ ಕೊಡೋದು ಅಂತ ಗೊತ್ತಾಗ್ಲಿಲ್ಲ ನಂಗೆ" ಎಂದಳು. ಇಷ್ಟು ವರ್ಷ, ಅಷ್ಟಕ್ಕೆ...

ಈಗ ಅಮ್ಮನೂ ಇಲ್ಲ. ಆ ರಸ್ತೆಯಲ್ಲಿ ಆಗಿನ ಒಂದು ಮನೆಯೂ ಉಳಿದಿಲ್ಲ, ಕಟ್ಟಡಗಳ ಮೇಲೆ ಕಟ್ಟಡಗಳಾಗಿವೆ. ಸಾವಿನ ಸುದ್ದಿ ಈಗ ಮೊಬೈಲಿಗೇ ಬಂದು ಬೀಳುತ್ತದೆ, ಬಸ್ಸಿನಲ್ಲಿರುವಾಗ, ಬಾಯಲ್ಲಿ ತುತ್ತಿರುವಾಗ. ಓದಿಕೊಂಡು ನಾವೇ ನಮ್ಮ ಪಾಡಿಗೆ ನುಂಗಬೇಕು. ಉಂಡಿದ್ದೀಯಾ ಎಂದು ನೋಡಿಕೊಂಡು ಹೇಳುವವರು ಇಲ್ಲ.

ಕಿಟಕಿಯಿಂದ ರವೆಯ ವಾಸನೆ ಇನ್ನೂ ಬರುತ್ತಿತ್ತು. ಸ್ವಲ್ಪ ಹೊತ್ತಿಗೆ ಕಾಲಿಂಗ್ ಬೆಲ್ ಆಯಿತು. ಪಕ್ಕದ ಫ್ಲಾಟಿಗೆ ಹೊಸದಾಗಿ ಬಂದ ಹುಡುಗಿ, ಕೈಯಲ್ಲೊಂದು ಪ್ಲಾಸ್ಟಿಕ್ ಡಬ್ಬಿ. "ಆಂಟಿ, ಕೇಸರಿಬಾತ್ ಮಾಡಿದ್ದೆ. ಡಬ್ಬಿ ವಾಪಸ್ ಕೊಡ್ಬೇಡಿ, ಯೂಸ್ ಅಂಡ್ ಥ್ರೋ ಅದು" ಎಂದು ನಕ್ಕು ಹೋದಳು. ಮುಚ್ಚಳ ತೆಗೆದೆ. ಬಿಸಿಯಾಗಿತ್ತು. ಅದನ್ನು ಆ ಸ್ಟೀಲ್ ಬಟ್ಟಲಿಗೆ ಹಾಕಿಕೊಂಡು, ಡಬ್ಬಿಯನ್ನು ತೊಳೆದು, ಒಂದು ಚಮಚ ಸಕ್ಕರೆ ಹಾಕಿ, ಆಗಲೇ ಹೋಗಿ ಅವಳ ಬಾಗಿಲು ತಟ್ಟಿದೆ. ತಡ ಮಾಡಲು ನನಗೆ ಧೈರ್ಯವಾಗಲಿಲ್ಲ.